ಅರ್ಥವಿಲ್ಲದ ಮನೆ

ವಿಜಯಪುರದಲ್ಲಿ ಮನೆ ಕಟ್ಟಿಸಿದೆ. ವಾಸ್ತು ಹೇಳುವವರು ಐದು ಸಲ ಬಂದು ಹೋದರು. ಮೀಟರ್ ಬೋರ್ಡು ಆಗ್ನೇಯಕ್ಕೇ ಇರಬೇಕು, ಅಗ್ನಿ ಕೂರೋದು ಅಲ್ಲೇ ಅಂದರು. ಗೋಡೆ ಒಡೆದು ಸರಿಸಿದೆವು. ಆ ಬೋರ್ಡಿನ ಒಳಗೆ ಏನಿದೆ ಅಂತ ನೋಡಲು ಮಾತ್ರ ಯಾರೂ ಬರಲಿಲ್ಲ.

ಹಾಗಂತ ಪರೀಕ್ಷೆ ಆಗಿಲ್ಲ ಅಂದುಕೊಳ್ಳಬೇಡಿ. ಕಾಗದದಲ್ಲಿ ಆಗಿದೆ. ಕರೆಂಟ್ ಬೇಕಾದರೆ ಲೈಸೆನ್ಸ್ ಇರುವ ಕಂಟ್ರಾಕ್ಟರ್ ವಾಯರಿಂಗ್ ಪರೀಕ್ಷೆ ಮಾಡಿ, ಸಹಿ ಹಾಕಿ ವರದಿ ಕೊಡಬೇಕು. ಮೆಗ್ಗರ್ ಅನ್ನೋ ಮಾಪಕ ಹಿಡಿದು 500 ವೋಲ್ಟ್ ಕೊಟ್ಟು ನೋಡಿದರೆ ವಾಯರಿನ ಹೊದಿಕೆ, ಅಂದರೆ ಇನ್ಸುಲೇಷನ್, ಕನಿಷ್ಠ 1 ಮೆಗಾಓಮ್ ಆದರೂ ತೋರಿಸಬೇಕು. ನಮ್ಮ ಮನೆಯದು 50 ಅಂತ ಬರೆದಿತ್ತು. ಹೆಮ್ಮೆ ಆಯಿತು. ಪಕ್ಕದ ಮನೆಯದೂ 50. ಎದುರು ಮನೆಯದೂ 50. ಎದುರು ಮನೆಗೆ ಇನ್ನೂ ಸ್ಲ್ಯಾಬೇ ಬಿದ್ದಿಲ್ಲ.

ಸಹಿ ಹಾಕಿದ ಕಂಟ್ರಾಕ್ಟರರನ್ನು ನಾನು ಕಂಡಿಲ್ಲ. ವಾಯರಿಂಗ್ ಮಾಡಿದ ಹುಡುಗ ಕಂಡಿದ್ದಾನೆ. ಒಮ್ಮೆ, ಯಾವುದೋ ಮದುವೆಯಲ್ಲಿ.

ಗೀಸರ್ ಹಾಕಿದ ಮೊದಲ ದಿನವೇ ನಲ್ಲಿ ಮುಟ್ಟಿದರೆ ಕೈ ಜುಂ ಅಂದಿತು. ಹುಡುಗನನ್ನು ಕರೆಸಿದೆ.

“ಅದು ಶಾಕ್ ಅಲ್ರಿ ಕಾಕಾ, ಸ್ವಲ್ಪ ಜುಂ ಅಂತೈತಿ ಅಷ್ಟ. ಚಪ್ಪಲ್ ಹಾಕ್ಕೊಂಡು ಜಳಕಾ ಮಾಡ್ರಿ.”

30 ಮಿಲಿಆಂಪಿಯರ್ ಸೋರಿದರೆ ಕರೆಂಟ್ ಕಡಿಯುವ ಆರ್‌ಸಿಸಿಬಿ ಹಾಕಿಸಿದ್ದೆನಲ್ಲ, ಅದೇನು ಮಾಡ್ತಿದೆ?

“ಅದು ಸುಮ್ನ ಸುಮ್ನ ಟ್ರಿಪ್ ಆಗಾಕತ್ತಿತ್ರಿ. ವಾಸ್ತುಶಾಂತಿ ದಿನ ತ್ರಾಸ ಆಗಬಾರದು ಅಂತ ಬೈಪಾಸ್ ಮಾಡೀನಿ.”

ನಾಯಿ ಬೊಗಳ್ತದೆ, ಬೀಗರ ನಿದ್ದೆ ಕೆಡ್ತದೆ ಅಂತ ಬಾಯಿ ಕಟ್ಟಿದ ಹಾಗೆ.

ಇನ್ನು ಅರ್ಥಿಂಗ್, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ವ್ಯವಸ್ಥೆ. ಹಿತ್ತಲಲ್ಲಿ ಗುಂಡಿ ತೋಡಿ, ಇದ್ದಿಲು, ಉಪ್ಪು ಹಾಕಿ ಜಿಐ ಪೈಪ್ ಇಳಿಸಿದ್ದು ನಿಜ. ಮಣ್ಣು ಒಣಗಿದರೆ ಅದರ ಕೆಲಸ ಮುಗೀತು, ಆಗಾಗ ನೀರು ಹಾಕುತ್ತಿರಬೇಕು. ನಮ್ಮೂರ ಬೇಸಿಗೆಯಲ್ಲಿ ಕುಡಿಯುವ ನೀರನ್ನೇ ಅಳೆದು ಬಳಸುವಾಗ ಗುಂಡಿಗೆ ಹಾಕುವವರು ಯಾರು? ಅವ್ವ ಇದ್ದಾಳೆ. ಗುಂಡಿಯ ಸುತ್ತಲಿನ ಇಟ್ಟಿಗೆ ಕಟ್ಟೆ ನೋಡಿ ಅಲ್ಲಿ ತುಳಸಿ ನೆಟ್ಟಿದ್ದಾಳೆ. ದಿನಾ ಬೆಳಿಗ್ಗೆ ಒಂದು ತಂಬಿಗೆ ನೀರು, ಅರಿಷಿಣ, ಕುಂಕುಮ. ಇಡೀ ಮನೆಯಲ್ಲಿ ನಿಯಮದ ಪ್ರಕಾರ ನಡೆಯುತ್ತಿರುವುದು ಅದೊಂದೇ.

ಪೈಪಿನಿಂದ ಮನೆಯೊಳಗೆ ಬರಬೇಕಾದ ವಾಯರು ಎಲ್ಲಿ ಅಂತ ಕೇಳಿದೆ.

“ಸಾಕೆಟ್ಟಿಗೆ ಮೂರು ತೂತು ಅದಾವಲ್ರಿ?”

ಇವೆ. ಅರ್ಥಿಂಗಿಗೆ ಅಂತ ಇರುವ ಮೇಲಿನದು ತೂತು ಮಾತ್ರ, ಹಿಂದೆ ಬರೀ ಗೋಡೆ.

ಅರ್ಥಿಂಗಿಗೆ ಅಂತ ಹಸಿರು ವಾಯರಿನ ಸುರುಳಿ ತಂದ ಬಿಲ್ ನನ್ನ ಹತ್ತಿರ ಇದೆ. ಹುಡುಕುತ್ತಾ ಹಿತ್ತಲಿಗೆ ಹೋದೆವು. ಸಿಕ್ಕಿತು. ಅವ್ವ ಅದರ ಒಂದು ತುದಿಯನ್ನು ತುಳಸಿ ಕಟ್ಟೆಯ ಪೈಪಿಗೆ, ಇನ್ನೊಂದನ್ನು ಬೇವಿನ ಮರಕ್ಕೆ ಬಿಗಿದು ಸೀರೆ ಒಣಹಾಕಿದ್ದಳು.

ಹುಡುಗನ ಮುಖ ಅರಳಿತು. ಸೀರೆಗಳನ್ನು ಅತ್ತ ಸರಿಸಿ, ಪೈಪು ಮತ್ತು ಹಸಿರು ವಾಯರು ಚೆನ್ನಾಗಿ ಕಾಣುವಂತೆ ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡ. ಎದುರು ಮನೆಯ ಫೈಲಿಗೆ ಬೇಕಿತ್ತಂತೆ.