ಘಟ್ಟದ ಮೇಲಿನ ನಾರು, ಘಟ್ಟದ ಕೆಳಗಿನ ಅಂಟು

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಬಯೋ-ಕಾಂಪೊಸಿಟ್ (ಗಿಡದ ನಾರನ್ನು ಅಂಟಿನಲ್ಲಿ ಕೂರಿಸಿ ಮಾಡುವ ವಸ್ತು) ಅಂತ ಏನಾದರೂ ಆಗುವುದಿದ್ದರೆ ಅದು ಶಿರಸಿಯ ಅಡಿಕೆ ಸಿಪ್ಪೆ, ಕುಮಟಾ ಕಡೆಯ ಗೇರುಬೀಜದ ಸಿಪ್ಪೆ ಇವೆರಡರಿಂದಲೇ ಆಗಬೇಕು ಅಂತ ನನ್ನ ವಾದ. 'ಕರಗುವ ಕ್ಯಾರಿಬ್ಯಾಗ್' ಘಟಕದ ಕನಸು ಕಾಣುತ್ತಿರುವ ಗೆಳೆಯರು ಪೂರ್ತಿ ಓದಿ, ಆಮೇಲೆ ಬೈಯಿರಿ.

ಆ ಬ್ಯಾಗಿಗೆ ಹಾಕುವ, ಗಿಡದ ಮೂಲದ ಪ್ಲಾಸ್ಟಿಕ್ಕಾದ ಪಿಎಲ್‌ಎ ಕೆಟ್ಟದ್ದೇನಲ್ಲ. ಸಕ್ಕರೆಯನ್ನೋ ಜೋಳದ ಪಿಷ್ಟವನ್ನೋ ಹುದುಗಿಸಿ, ಸಿಕ್ಕ ಲ್ಯಾಕ್ಟಿಕ್ ಆಮ್ಲದಿಂದ ಮಾಡುತ್ತಾರೆ. ಆದರೆ ಅದು ಬೇಗ ಕರಗಬೇಕಾದರೆ 60 ಡಿಗ್ರಿ ಆಸುಪಾಸಿನ ಬಿಸಿ ಇರುವ ಕಾಂಪೋಸ್ಟ್ ಘಟಕ ಬೇಕು. ಕಾರವಾರದ ಕಡಲತಡಿಯಲ್ಲಿ ಬಿದ್ದರೆ ಮಾಮೂಲಿ ಪ್ಲಾಸ್ಟಿಕ್ಕಿನ ಹಾಗೇ ಬಿದ್ದಿರುತ್ತದೆ. ಕಬ್ಬು ಬೆಳೆಯುವ ಹಳಿಯಾಳದವರು ಬೇಕಿದ್ದರೆ ಅದರ ಬಗ್ಗೆ ಯೋಚಿಸಲಿ.

ನಮ್ಮದು ಬೇರೆ ಲೆಕ್ಕ. ಅಡಿಕೆ ಕಾಯಿಯಲ್ಲಿ ಅರ್ಧಕ್ಕಿಂತ ಹೆಚ್ಚು ಸಿಪ್ಪೆಯೇ, ಸಿಪ್ಪೆಯ ತುಂಬ ನಾರೇ. ಗೇರುಬೀಜದ ಸಿಪ್ಪೆಯಲ್ಲಿ ಸುಮಾರು ಕಾಲುಭಾಗ ಎಣ್ಣೆ. ಕಾರ್ಖಾನೆಯಲ್ಲಿ ಬೀಜ ಒಡೆಯುವ ಹೆಂಗಸರ ಕೈ ಸುಡುವುದೂ ಅದೇ ಎಣ್ಣೆ. ಅದನ್ನು ಕಾಯಿಸಿ ಬಟ್ಟಿ ಇಳಿಸಿದರೆ ಕಾರ್ಡನಾಲ್ ಎಂಬ ರಾಸಾಯನಿಕ ಬರುತ್ತದೆ. ಅದರಿಂದ ಗಟ್ಟಿಯಾಗುವ ಅಂಟು, ಅಂದರೆ ರಾಳ ಮಾಡಬಹುದು. ಇದೇನೂ ಹೊಸ ಸಂಗತಿಯಲ್ಲ, ವಾಹನಗಳ ಬ್ರೇಕ್ ಲೈನಿಂಗಿಗೆ ಗೇರೆಣ್ಣೆಯ ರಾಳದ ಪುಡಿ ಬಹಳ ಕಾಲದಿಂದ ಹೋಗುತ್ತಿದೆ. ದೇವಿಮನೆ ಘಟ್ಟ ಇಳಿಯುವಾಗ ನಮ್ಮನ್ನು ಕಾಯುವುದು ಗೇರುಬೀಜವೂ ಇರಬಹುದು! ಈ ರಾಳದಲ್ಲಿ ಅಡಿಕೆ ನಾರನ್ನು ಕೂರಿಸಿ ಬಿಸಿ ಪ್ರೆಸ್ಸಿನಲ್ಲಿ ಒತ್ತಿದರೆ ಹಲಗೆ ಸಿಗುತ್ತದೆ.

ತೊಡಕು ಇಲ್ಲವೆಂದಲ್ಲ. ನಾರು ನೀರು ಕುಡಿಯುತ್ತದೆ, ರಾಳಕ್ಕೆ ನೀರು ಆಗದು. ಎರಡೂ ಹಿಡಿದುಕೊಳ್ಳಲಿ ಅಂತ ನಾರನ್ನು ಕಾಸ್ಟಿಕ್ ಸೋಡಾ ನೀರಲ್ಲಿ ನೆನೆಸಿ ತೊಳೆಯುತ್ತಾರೆ. ಆ ತೊಳೆದ ನೀರು ಎಲ್ಲಿಗೆ? ಶಿರಸಿಯ ಹಳ್ಳಕ್ಕೆ ಬಿಟ್ಟರೆ ಅಘನಾಶಿನಿ ಸೇರಿ, ಕೆಳಗೆ ಅಳಿವೆಯಲ್ಲಿ ಬಳಚು (ಚಿಪ್ಪುಮೀನು) ಆಯುವವರ ಹೊಟ್ಟೆಗೇ ಬರುತ್ತದೆ. ಇನ್ನು ರಾಳಕ್ಕೆ ಸಾಮಾನ್ಯವಾಗಿ ಫಾರ್ಮಾಲ್ಡಿಹೈಡ್ ಎಂಬ ರಾಸಾಯನಿಕ ಸೇರಿಸುತ್ತಾರೆ, ಹಾಗಾಗಿ ಇದನ್ನು 'ಶೇ. 100 ನೈಸರ್ಗಿಕ' ಅಂತ ಮಾರಿದರೆ ಮೋಸ. ಕರಗುವುದೂ ಇಲ್ಲ. ಕರಗಬೇಕಾಗಿಯೂ ಇಲ್ಲ, ಕಪಾಟಿನ ಬಾಗಿಲು ಇಪ್ಪತ್ತು ವರ್ಷ ಬಾಳಿದರೆ ಸಾಕಲ್ಲ?

ಊಟದ ಸಾಮಾನಿಗೆ ಮಾತ್ರ ಕೈ ಹಾಕಬೇಡಿ. ಅಡಿಕೆ ಹಾಳೆಯ ತಟ್ಟೆಯ ಕಥೆ ಗೊತ್ತಿದೆಯಲ್ಲ, 2025ರಲ್ಲಿ ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅಡಿಕೆಯ ಆಲ್ಕಲಾಯ್ಡ್ (ಮೈಮೇಲೆ ಪರಿಣಾಮ ಮಾಡುವ ಸಸ್ಯದ ರಾಸಾಯನಿಕ) ಊಟಕ್ಕೆ ಇಳಿಯಬಹುದು ಅಂತ ತಕರಾರು ತೆಗೆಯಿತು. ನಮ್ಮ ಅಜ್ಜಂದಿರು ಹಾಳೆಯಲ್ಲೇ ಉಂಡವರು ಅಂತ ವಾದ ಮಾಡಬಹುದು, ಆದರೆ ಆ ವಾದ ಕೇಳಿ ಅಲ್ಲಿಯವರು ಕಂಟೇನರ್ ಬಿಡುವುದಿಲ್ಲ.

ನಿಜವಾದ ಪ್ರಶ್ನೆ ದರದ್ದು. ನಮ್ಮ ದೊಡ್ಡಪ್ಪನ ಹತ್ತಿರ ಈ ಯೋಜನೆ ಹೇಳಿದೆ. "ಸಿಪ್ಪೆನೂ ಕೊಟ್ರೆ ತೋಟಕ್ಕೆಂತ ಹಾಕದು ತಮಾ?" ಅಂದರು. ಅವರ ಮಾತಿನಲ್ಲಿ ಹುರುಳಿದೆ. ಮುಚ್ಚಿಗೆಯಾಗಿ ಕೊಳೆತ ಸಿಪ್ಪೆ ಮರಕ್ಕೆ ಪೊಟ್ಯಾಶ್ ಮರಳಿಸುತ್ತದೆ, ಬೇಸಿಗೆಯಲ್ಲಿ ಮಣ್ಣಿನ ತೇವ ಉಳಿಸುತ್ತದೆ. ಅದನ್ನು ಎತ್ತಿಕೊಂಡು ಹೋಗುವವರು ಗೊಬ್ಬರದ ಬೆಲೆಗಿಂತ ಮೇಲೆ ಕೊಡಬೇಕು. ಸಿಪ್ಪೆ ಹಗುರ, ಲಾರಿ ತುಂಬಿದರೂ ತೂಕ ಬಾರದು, ಬಾಡಿಗೆಯೇ ಲಾಭ ತಿನ್ನುತ್ತದೆ. ಆದ್ದರಿಂದ ನಾರು ಬಿಡಿಸುವ ಯಂತ್ರ ಊರಿನ ಸೊಸೈಟಿಯಲ್ಲೇ ಇರಲಿ, ನಾರಿನ ಬೇಲು ಮಾತ್ರ ಘಟ್ಟ ಇಳಿಯಲಿ, ಉಳಿದ ಪುಡಿ ತೋಟಕ್ಕೇ ವಾಪಸ್ ಹೋಗಲಿ. ಸಬ್ಸಿಡಿ ಕೊಡುವುದಾದರೆ ಮೊದಲು ಈ ಯಂತ್ರಕ್ಕೆ, ತೊಳೆದ ನೀರು ಶುದ್ಧ ಮಾಡುವ ತೊಟ್ಟಿಗೆ ಕೊಡಿ. ಪ್ರೆಸ್ ಹಾಕುವವರು ಆಮೇಲೆ ತಾವಾಗಿ ಬರುತ್ತಾರೆ.