ಬಿ12 ಕೊರತೆಯೂ ಮಲ್ಟಿಪಲ್ ಸ್ಕ್ಲೆರೋಸಿಸ್ಸೂ ಒಂದೇ ಅಲ್ಲ: ಸ್ಪಷ್ಟನೆ

‘ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗ ಬರೀ ವಿಟಮಿನ್ ಬಿ12 ಕೊರತೆ, ಇಂಜೆಕ್ಷನ್ ಚುಚ್ಚಿಸಿಕೊಂಡರೆ ಬೇರೆ ಮದ್ದು ಬೇಡ’ ಎಂಬ ಸಂದೇಶ ಕುಂಬಳೆ, ಬದಿಯಡ್ಕ, ಮಂಜೇಶ್ವರ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ಅರ್ಧಸತ್ಯ, ಆದ್ದರಿಂದಲೇ ಹೆಚ್ಚು ಅಪಾಯಕಾರಿ.

ಎರಡರಲ್ಲೂ ನರತಂತುಗಳ ಹೊದಿಕೆಯಾದ ಮಯಲಿನ್ ಹಾಳಾಗುವುದು ನಿಜ. ಆದರೆ ಬಿ12 ಕೊರತೆಯಲ್ಲಿ ಬೆನ್ನುಹುರಿಯ ಹಿಂಬದಿಯ ಹಾಗೂ ಪಕ್ಕದ ತಂತುಗಳು ಕ್ಷೀಣಿಸುವುದರಿಂದ ಸಾಮಾನ್ಯವಾಗಿ ಎರಡೂ ಪಾದಗಳಲ್ಲಿ ಒಟ್ಟಿಗೇ ಜೋಮು ಶುರುವಾಗಿ, ಮುಖ ತೊಳೆಯಲು ಕಣ್ಣು ಮುಚ್ಚಿದೊಡನೆ ದೇಹ ವಾಲುವಂತಾಗುತ್ತದೆ. ಮಲ್ಟಿಪಲ್ ಸ್ಕ್ಲೆರೋಸಿಸ್‌ನಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಮಿದುಳು ಮತ್ತು ಬೆನ್ನುಹುರಿಯ ಬೇರೆ ಬೇರೆ ಜಾಗಗಳ ಮೇಲೆ ಬೇರೆ ಬೇರೆ ಕಾಲದಲ್ಲಿ ದಾಳಿ ಮಾಡುತ್ತದೆ. ಒಂದು ಕಣ್ಣು ನೋವಿನೊಂದಿಗೆ ಮಂಜಾಗಿ, ಕೆಲವು ವಾರಗಳಲ್ಲಿ ಸುಧಾರಿಸುವುದೂ ಉಂಟು. ಅದರ ಮದ್ದನ್ನು ಬಿಟ್ಟು ಬಿ12 ಒಂದನ್ನೇ ನಂಬಿದರೆ ರೋಗ ಮರುಕಳಿಸಬಹುದು.

ಸಂದೇಶದಲ್ಲಿ ಒಪ್ಪಬೇಕಾದದ್ದು ಇಷ್ಟೇ: ಜೋಮು ಕಂಡವರಲ್ಲಿ ಬಿ12 ಪರೀಕ್ಷೆ ತಪ್ಪಬಾರದು. ಮೀನು, ಮೊಟ್ಟೆ ಮುಟ್ಟದೆ ಹಾಲು ಮಜ್ಜಿಗೆಯನ್ನೂ ಕಡಿಮೆ ಸೇವಿಸುವವರು, ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಬಿ12 ಕೊರತೆಯಿದ್ದರೆ ರಕ್ತಹೀನತೆ ಇಲ್ಲದಿದ್ದರೂ ನರಹಾನಿ ಆಗಬಹುದು. ಫೋಲಿಕ್ ಆಸಿಡ್ ಮಾತ್ರೆಯೊಂದನ್ನೇ ನುಂಗಿದರೆ ರಕ್ತಹೀನತೆ ಮರೆಯಾಗಿ, ನರಹಾನಿ ಮಾತ್ರ ಸದ್ದಿಲ್ಲದೆ ಮುಂದುವರಿಯುತ್ತದೆ.