ಬಿದ್ದರೆ 5 ಲಕ್ಷ, ಬೀಳದಿದ್ದರೆ 200

ನಮ್ಮ ಬೀದಿಯ ಕೊನೆ ಮನೆ ಅಜ್ಜಿಗೆ 74 ವರ್ಷ. ಒಬ್ಬರೇ ಇರುತ್ತಾರೆ. ಬಚ್ಚಲಿನ ನೆಲ ಜಾರುತ್ತದೆ, ಹಿಡಿದುಕೊಳ್ಳಲು ಗೋಡೆಗೆ ಒಂದು ಹಿಡಿ ಇಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ವಿಚಾರಿಸಿದೆ. ಸ್ಟೀಲ್ ಹಿಡಿ, ಸ್ಕ್ರೂ, ಕೂಲಿ ಎಲ್ಲ ಸೇರಿ ಸಾವಿರದೊಳಗೆ ಮುಗಿಯುತ್ತದಂತೆ. "ಇದಕ್ಕೆ ಸರ್ಕಾರದ ಸ್ಕೀಮ್ ಏನಾದ್ರೂ ಇದ್ಯಾ ನೋಡಪ್ಪ" ಅಂದರು ಅಜ್ಜಿ. ನೋಡಿದೆ. ಹಿಡಿಗೆ ಸಿಗಲಿಲ್ಲ. ಬಿದ್ದು ಮುರಿದ ಸೊಂಟಕ್ಕೆ ಸಿಕ್ಕಿತು.

2024ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಆಯುಷ್ಮಾನ್ ಭಾರತವನ್ನು 70 ತುಂಬಿದ ಎಲ್ಲರಿಗೂ ವಿಸ್ತರಿಸಿತು. ಬಡವ ಬಲ್ಲಿದ ಎಂಬ ಭೇದ ಇಲ್ಲ. ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. (ಖರ್ಚಿನಲ್ಲಿ ಯಾರ ಪಾಲೆಷ್ಟು ಅಂತ ಬೆಂಗಳೂರಿಗೂ ದೆಹಲಿಗೂ ಜಗ್ಗಾಟ ನಡೆದಿದೆ. ಅದು ಬೇರೆ ಸರ್ಕಸ್.) ಕಾರ್ಡಿನ ಹೆಸರೂ ಚೆಂದ, 'ವಯ ವಂದನಾ'. ವಯಸ್ಸಿಗೊಂದು ನಮಸ್ಕಾರ. ಆದರೆ ಆಸ್ಪತ್ರೆಯಲ್ಲಿ ಅಡ್ಮಿಟ್ ಆಗಬೇಕು. ನಿಂತ ವಯಸ್ಸಿಗೆ ವಂದನೆ ಇಲ್ಲ, ಮಲಗಿದರೆ ಮಾತ್ರ. ಡಿಸ್ಚಾರ್ಜ್ ಆದ ಮೇಲೆ 15 ದಿನದ ಖರ್ಚೂ ಇದರಲ್ಲಿ ಸೇರಿದೆ. 16ನೇ ದಿನ ಸೊಂಟ ತಾನಾಗಿಯೇ ಎದ್ದು ಕಾಫಿ ಮಾಡಿಕೊಳ್ಳಬೇಕು.

ಸರಿ, ಇನ್ನೂ ಬೀಳದವರಿಗೆ ಏನಿದೆ? ಇಂದಿರಾ ಗಾಂಧಿ ರಾಷ್ಟ್ರೀಯ ವೃದ್ಧಾಪ್ಯ ಪಿಂಚಣಿ ಇದೆ. ಬಡತನದ ರೇಖೆಯ ಕೆಳಗಿರಬೇಕು. 79ರವರೆಗೆ ಕೇಂದ್ರದ ಪಾಲು ತಿಂಗಳಿಗೆ 200 ರೂಪಾಯಿ. 2007ರಲ್ಲಿ 200 ಇತ್ತು, ಈಗಲೂ 200. ಬೇಳೆ ಬೆಲೆ ಏರಿತು, ಗ್ಯಾಸ್ ಬೆಲೆ ಏರಿತು, ಇದೊಂದು ಮಾತ್ರ ಅಲ್ಲಾಡದೆ ಕೂತಿದೆ. ನಮ್ಮ ರಾಜ್ಯ ತನ್ನ ಪಾಲು ಸೇರಿಸಿ 65 ದಾಟಿದವರಿಗೆ 1,200 ಕೊಡುತ್ತದೆ. ಅಂದರೆ ದಿನಕ್ಕೆ 40.

ಅಜ್ಜಿ ಹಳೇ ಕಾಲದ ಲೋವರ್ ಸೆಕೆಂಡರಿ. ಬಾಯಲ್ಲೇ ಲೆಕ್ಕ ಹಾಕಿದರು. ದೆಹಲಿಯ 200ರಲ್ಲಿ 5 ಲಕ್ಷ ಕೂಡಿಸಲು 208 ವರ್ಷ ಬೇಕು. "80 ತುಂಬಿದ್ರೆ 500 ಆಗುತ್ತಂತೆ ಅಜ್ಜಿ, ಸ್ವಲ್ಪ ಬೇಗ ಮುಗಿಯುತ್ತೆ" ಅಂದೆ. ಅವರಿಗೆ ತುಂಬ ಸಮಾಧಾನವಾಯಿತು.

ಊರುಗೋಲು ಬೇಕಾ? ಅದಕ್ಕೂ 2017ರಿಂದ ರಾಷ್ಟ್ರೀಯ ವಯೋಶ್ರೀ ಯೋಜನೆ ಇದೆ. ಬಡ ಹಿರಿಯರಿಗೆ ಕೋಲು, ಗಾಲಿಕುರ್ಚಿ, ಕನ್ನಡಕ ಎಲ್ಲ ಉಚಿತ. ಶಿಬಿರ ಮಾಡಿ ಹಂಚುತ್ತಾರೆ. ನಡೆಯಲು ಕೋಲು ಬೇಕು, ಕೋಲು ಬೇಕಾದರೆ ಶಿಬಿರದವರೆಗೆ ನಡೆಯಬೇಕು. ಕಾನೂನಿಗೂ ಬರವಿಲ್ಲ. 2007ರ ಹಿರಿಯ ನಾಗರಿಕರ ಕಾಯ್ದೆಯ ಪ್ರಕಾರ ಜಿಲ್ಲೆಗೊಂದಾದರೂ ವೃದ್ಧಾಶ್ರಮ ಕಟ್ಟಬಹುದು, ಕನಿಷ್ಠ 150 ಮಂದಿಗೆ ಜಾಗ ಇರಬೇಕು. ಆ 'ಬಹುದು' ಇದೆಯಲ್ಲ, ಅದರ ಮೇಲೆ ಬೇಕಾದರೆ ಕೂರಬಹುದು, ಮಲಗಲಂತೂ ಆಗುವುದಿಲ್ಲ. ಆಸ್ಪತ್ರೆಯಲ್ಲಿ ಹಿರಿಯರಿಗೆ ಪ್ರತ್ಯೇಕ ಸಾಲು ಇರಬೇಕು ಅಂತಲೂ ಅದರಲ್ಲಿ ಬರೆದಿದೆ. ಆ ಸಾಲಿನವರೆಗೆ ಕೈ ಹಿಡಿದು ಕರೆದುಕೊಂಡು ಹೋಗುವವರು ಯಾರು ಅಂತ ಬರೆಯಲು ಮರೆತಂತಿದೆ.

ಹಾಗಂತ ಅಜ್ಜಿ ಆಸ್ಪತ್ರೆಗೆ ಹೋಗುವುದು ಕಡಿಮೆ ಅಂದುಕೊಳ್ಳಬೇಡಿ. ವಾರಕ್ಕೊಮ್ಮೆ ಮೂಲೆಯ ಕ್ಲಿನಿಕ್ಕಿಗೆ ಬಿಪಿ ನೋಡಿಸಲು ಹೋಗುತ್ತಾರೆ. ಬಿಪಿ ಒಂದು ನೆಪ. ಅಲ್ಲಿನ ಡಾಕ್ಟರು "ಊಟ ಆಯ್ತಾ ಅಜ್ಜಿ?" ಅಂತ ಕೇಳುತ್ತಾರೆ. ವಾರದಲ್ಲಿ ಆ ಪ್ರಶ್ನೆ ಕೇಳುವವರು ಅವರೊಬ್ಬರೇ. ಫೀಸು ಕೊಟ್ಟರೂ ಲಾಭವೇ ಅಲ್ವಾ?

ಹೋದ ವರ್ಷ ಒಂದು ಬೆಳಗ್ಗೆ ತಲೆ ಸುತ್ತಿತು. ಹಿಂದಿನ ರಾತ್ರಿ ಒಬ್ಬರಿಗೋಸ್ಕರ ಯಾಕೆ ಒಲೆ ಹಚ್ಚೋದು ಅಂತ ಎರಡು ಬಿಸ್ಕೆಟ್ ತಿಂದು ಮಲಗಿದ್ದರು. ಅಮೆರಿಕದಿಂದ ಮಗ ವಿಡಿಯೋ ಕಾಲ್‌ನಲ್ಲಿ, "ಸುಮ್ನೆ ರಿಸ್ಕ್ ಬೇಡ, ಅಡ್ಮಿಟ್ ಮಾಡ್ಬಿಡಿ, ಸೇಫಾಗಿರ್ತಾರೆ" ಅಂದರು. ಮಾಡಿದೆವು. ಸ್ಕ್ಯಾನ್, ಇಸಿಜಿ, ರಕ್ತ, ಎರಡು ಬಾಟ್ಲಿ ಗ್ಲುಕೋಸ್. ಒಂದು ತಟ್ಟೆ ಅನ್ನ ಸಾರು ಮಾಡಬೇಕಿದ್ದ ಕೆಲಸವನ್ನು ಸೂಜಿಯಲ್ಲಿ ತೊಟ್ಟು ತೊಟ್ಟಾಗಿ ಮಾಡಿದರು. ಕಾಯಿಲೆಯ ಹೆಸರು 'ವೀಕ್‌ನೆಸ್'. ಯಾರದು ಅಂತ ಬರೆದಿರಲಿಲ್ಲ.

ಮೂರು ದಿನಕ್ಕೆ ಬಂದ ಬಿಲ್ಲಿನಲ್ಲಿ ಒಂದಿಡೀ ವರ್ಷ ಅಡುಗೆಯವರನ್ನು ಇಟ್ಟುಕೊಳ್ಳಬಹುದಿತ್ತು. ಆದರೆ ಅಜ್ಜಿ ಎಷ್ಟು ಗೆಲುವಾಗಿದ್ದರು ಗೊತ್ತಾ? ಹೊತ್ತಿಗೆ ಸರಿಯಾಗಿ ಇಡ್ಲಿ. ಗಳಿಗೆಗೊಮ್ಮೆ ನರ್ಸ್ ಬಂದು "ಹೇಗಿದ್ದೀರಾ?" ಅನ್ನುವುದು. ಪಕ್ಕದ ಮಂಚದಲ್ಲಿ ಹಾಸನದ ಕಡೆಯ ಇನ್ನೊಬ್ಬ ಅಜ್ಜಿ, ಇಬ್ಬರಿಗೂ ರಾತ್ರಿಯೆಲ್ಲ ಸೊಸೆ ಪುರಾಣ. ಎರಡನೇ ದಿನಕ್ಕೇ ಬಿಪಿ ಸರಿಹೋಯಿತು. ಡಿಸ್ಚಾರ್ಜ್ ಚೀಟಿಯ ಕೊನೆ ಸಾಲು, 'ಒಬ್ಬರನ್ನೇ ಬಿಡಬೇಡಿ'. ಮಗ ಅದರ ಫೋಟೋ ತರಿಸಿಕೊಂಡು ಹೆಬ್ಬೆಟ್ಟು ಎತ್ತಿದ ಗುರುತು ಕಳಿಸಿದರು. ಅಜ್ಜಿಯನ್ನು ಮನೆಗೆ ಬಿಟ್ಟು ಬೀಗ ತೆಗೆದುಕೊಟ್ಟದ್ದು ಆಟೋದವನು. ನನಗೆ ಅವತ್ತು ಆಫೀಸಿತ್ತು.

ಮೊನ್ನೆ ಭಾನುವಾರ ನಾನೇ ಹಿಡಿ, ಸ್ಕ್ರೂ, ಡ್ರಿಲ್ಲಿಂಗ್ ಮಷೀನ್ ತಗೊಂಡು ಹೋದೆ. ಅಜ್ಜಿ ಬಾಗಿಲಲ್ಲೇ ತಡೆದರು.

"ಬೇಡ ಬಿಡಪ್ಪ. ಇದನ್ನ ಹಾಕಿದ್ರೆ ಬೀಳಲ್ಲ. ಬೀಳದಿದ್ರೆ ಅಡ್ಮಿಟ್ ಮಾಡಲ್ಲ. ಹಾಸನದ ಆಯಮ್ಮ ಮತ್ತೆ ಎಲ್ಲಿ ಸಿಗ್ತಾರೆ?"